ಘಟ್ಟದ ದಾರಿ, ಕಡಲಿನ ದಾರಿ: ಎದುರಾದಾಗ ಸರಿಯಬೇಕಾದವರು ಯಾರು?

ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ಮಾರ್ಗದಲ್ಲಿ, ಕಾಫಿ ತೋಟಗಳ ನಡುವೆ ಇರುವ ಆಲ್ದೂರಿನಲ್ಲಿ ಕುಳಿತು ಹಾಯಿನಾವೆಗಳ ಮರ್ಯಾದೆಯನ್ನು ವಿಚಾರಿಸುವುದು ಮೊದಲ ನೋಟಕ್ಕೆ ಅಸಂಗತವಾಗಿ ಕಾಣಬಹುದು. ಆದರೆ ಈ ಮಲೆನಾಡಿನ ಕಾಫಿಗೂ ಕಡಲಿಗೂ ಹಳೆಯ ನಂಟಿದೆ. 19ನೆಯ ಶತಮಾನದಲ್ಲಿ ಮೂಡಿಗೆರೆಯ ಕಡೆಯಿಂದ ಚಾರ್ಮಾಡಿ ಘಟ್ಟವನ್ನು ಇಳಿದ ಸರಕು ಬಂಟವಾಳವನ್ನು ಸೇರಿ, ಅಲ್ಲಿಂದ ನೇತ್ರಾವತಿಯಲ್ಲಿ ದೋಣಿಯೇರಿ ಮಂಗಳೂರಿಗೆ ಬರುತ್ತಿತ್ತು. ಮಂಗಳೂರಿನ ಹಳೆಯ ಬಂದರಿನ ದಕ್ಕೆಯವರೆಗೆ ದೊಡ್ಡ ಹಡಗುಗಳು ಬರಲಾರದೆ ಹೊರಗಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಸರಕು ದೋಣಿಗಳು ಅಳಿವೆಯನ್ನು ದಾಟಿ ಮೂಟೆಗಳನ್ನು ಅವುಗಳಿಗೆ ಮುಟ್ಟಿಸಬೇಕಾಗಿತ್ತು. ಹೀಗೆ ಒಂದು ಮೂಟೆ ಕಾಫಿ ಘಟ್ಟದ ಇಕ್ಕಟ್ಟಿನಲ್ಲಿ ಒಮ್ಮೆ, ನದಿಯಲ್ಲಿ ಒಮ್ಮೆ, ಅಳಿವೆಯ ಬಾಯಲ್ಲಿ ಮತ್ತೊಮ್ಮೆ ಒಂದೇ ಪ್ರಶ್ನೆಯನ್ನು ಎದುರಿಸುತ್ತಿತ್ತು: ಇಬ್ಬರು ಎದುರಾದರೆ ಯಾರು ಸರಿಯಬೇಕು?

ಘಟ್ಟದ ಉತ್ತರ ನಮ್ಮ ವಾಚಕರಿಗೆ ಪರಿಚಿತವಾದುದೇ. ಇಕ್ಕಟ್ಟಾದ ಬೆಟ್ಟದ ದಾರಿಯಲ್ಲಿ ಇಳಿಯುವ ವಾಹನವು ಬದಿಗೆ ನಿಂತು ಏರುವ ವಾಹನಕ್ಕೆ ಎಡೆಗೊಡಬೇಕೆಂದು 1989ರ ರಸ್ತೆ ನಿಯಮಗಳು ವಿಧಿಸಿದವು. ಏರುವವನು ದೊಡ್ಡವನೆಂದಲ್ಲ, ನಿಂತರೆ ಮತ್ತೆ ಹೊರಡುವುದು ಅವನಿಗೆ ಕಷ್ಟವೆಂದು.

ಕಡಲಿನ ನಿಯಮವೂ ಇದೇ ನ್ಯಾಯದಿಂದ ಹುಟ್ಟಿತೆಂಬುದು ನಮ್ಮ ಅಭಿಪ್ರಾಯ. ಕೇವಲ ಹಾಯಿಯೇ ಇದ್ದ ಕಾಲದಲ್ಲಿ, ಅನುಕೂಲ ಗಾಳಿಯಲ್ಲಿ ಸಾಗುವ ಹಡಗು ಗಾಳಿಗೆ ಎದುರಾಗಿ ಹೆಣಗುವ ಹಡಗಿಗೆ ದಾರಿ ಬಿಡುವುದು ವಾಡಿಕೆಯಾಗಿತ್ತು. ಉಗಿಹಡಗು ಬಂದೊಡನೆ ಹೊಸ ತೊಡಕು ಹುಟ್ಟಿತು. 1840ರಲ್ಲಿ ಲಂಡನ್ನಿನ ಟ್ರಿನಿಟಿ ಹೌಸ್ ಸಂಸ್ಥೆ ಇದಕ್ಕೆ ಸೊಗಸಾದ ಪರಿಹಾರವನ್ನು ಸೂಚಿಸಿತು: ಉಗಿಹಡಗನ್ನು ಸದಾ ಅನುಕೂಲ ಗಾಳಿಯನ್ನು ಪಡೆದ ಹಡಗೆಂದೇ ಭಾವಿಸತಕ್ಕದ್ದು. ಹೊಸ ಯಂತ್ರವನ್ನು ಹಳೆಯ ವಾಡಿಕೆಯೊಳಗೇ ಕೂರಿಸಿದ ಈ ಯುಕ್ತಿಯನ್ನು ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. 1863ರಲ್ಲಿ ಬ್ರಿಟನ್ನೂ ಫ್ರಾನ್ಸೂ ಒಪ್ಪಿದ ನಿಯಮಾವಳಿ ಇತರ ದೇಶಗಳಿಗೂ ಹಬ್ಬಿತು. 1972ರಲ್ಲಿ ರಚಿತವಾಗಿ 1977ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮಾವಳಿ ಆ ಪರಂಪರೆಯದೇ.

ಇದನ್ನು ‘ದಾರಿಯ ಹಕ್ಕು’ ಎಂದು ಕರೆಯುವ ರೂಢಿಯಿಂದ ಅನರ್ಥವಾಗಿದೆ. ಎದುರಾದ ಇಬ್ಬರಿಗೂ ನಿಯಮವು ಕರ್ತವ್ಯವನ್ನೇ ವಿಧಿಸುತ್ತದೆ. ಒಬ್ಬನು ಸರಿಯಬೇಕು, ಇನ್ನೊಬ್ಬನು ತನ್ನ ದಿಕ್ಕನ್ನೂ ವೇಗವನ್ನೂ ಬದಲಿಸದೆ ಸಾಗಬೇಕು, ಇಲ್ಲವಾದರೆ ಸರಿಯುವವನ ಲೆಕ್ಕ ತಪ್ಪುತ್ತದೆ. ಸರಿಯಬೇಕಾದವನು ಸರಿಯದೆ ಡಿಕ್ಕಿ ಸಮೀಪಿಸಿದರೆ ಎರಡನೆಯವನೂ ಸುಮ್ಮನಿರುವಂತಿಲ್ಲ. ಎರಡು ಹಾಯಿನಾವೆಗಳಲ್ಲಿ ಎಡಮಗ್ಗುಲಿಗೆ ಗಾಳಿ ಪಡೆದುದು ಬಲಮಗ್ಗುಲಿಗೆ ಪಡೆದುದಕ್ಕೆ ಎಡೆಗೊಡಬೇಕು. ಇಬ್ಬರಿಗೂ ಒಂದೇ ಮಗ್ಗುಲಿನ ಗಾಳಿಯಾದರೆ, ಗಾಳಿ ಬರುವ ಕಡೆಗಿರುವ ನಾವೆಯೇ ಸರಿಯಬೇಕು.

ವಿಹಾರಕ್ಕಾಗಿ ಹಾಯಿ ಬಿಚ್ಚಿದವನು ಹಾಯಿಗೇ ಅಗ್ರಸ್ಥಾನವೆಂದು ಬೀಗುವುದುಂಟು. ಆದರೆ ಬಲೆ ಎಳೆಯುತ್ತಿರುವ ಮೀನುಗಾರನಿಗೆ ಅವನು ದಾರಿ ಬಿಡಬೇಕು, ಏಕೆಂದರೆ ಬಲೆ ಹೊತ್ತ ದೋಣಿ ಬೇಗ ತಿರುಗಲಾರದು. ಇಕ್ಕಟ್ಟಾದ ಕಾಲುವೆಯಲ್ಲಿ, ಅಲ್ಲಿಯೇ ಸಾಗಬೇಕಾದ ದೊಡ್ಡ ಹಡಗಿಗೂ ಅವನು ಅಡ್ಡಬರುವಂತಿಲ್ಲ. ಲಂಗರಿನ ನೆಲೆಯಲ್ಲಿ ಮೊದಲು ಬಂದವನ ನಾವೆ ಸುತ್ತಿ ತಿರುಗಲು ಎಡೆ ಬಿಟ್ಟು ಆಮೇಲೆ ಬಂದವನು ನಿಲ್ಲಬೇಕು. ಏರುವ ಗಾಡಿಯ ನ್ಯಾಯ ಈ ಕೊನೆಯದಕ್ಕೆ ಹೊಂದುವುದಿಲ್ಲವೆಂದು ಆಕ್ಷೇಪಿಸಬಹುದು. ಲಂಗರಿಗೆ ಕಟ್ಟುಬಿದ್ದವನೂ ಚಲಿಸಲಾರದವನೇ ಎಂದು ನಮ್ಮ ಸಮಾಧಾನ.

1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಪ್ರಧಾನ ಬಂದರಾಯಿತು. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಗಳು ಮಾತ್ರ ಉಳಿದುಕೊಂಡವು. ಕಾಲಕ್ರಮದಲ್ಲಿ ಅವೂ ಯಂತ್ರವನ್ನು ಅಳವಡಿಸಿಕೊಂಡವು. ಹಾಯಿ ಬಿಚ್ಚಿದ್ದರೂ ಯಂತ್ರ ನಡೆಯುತ್ತಿರುವಷ್ಟು ಹೊತ್ತು ನಾವೆಯು ನಿಯಮದ ದೃಷ್ಟಿಯಲ್ಲಿ ಯಂತ್ರನಾವೆಯೇ. ಹಗಲಿನಲ್ಲಿ ಅದು ತುದಿ ಕೆಳಗಾದ ಶಂಕುವಿನಾಕಾರದ ಗುರುತನ್ನು ಮುಂಭಾಗದಲ್ಲಿ ತೂಗುಹಾಕಿ, ತಾನೇ ಸರಿಯಬೇಕಾದವನೆಂದು ಎದುರಿನವನಿಗೆ ತಿಳಿಸತಕ್ಕದ್ದು.