ಮಾರಿಕಣಿವೆ ನೀರು, ಹಿರಿಯೂರಿನ ಕಬ್ಬು

ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. 1,600 ವರ್ಷಕ್ಕೂ ಹಳೆಯದು. ಅದರಲ್ಲಿ ಬರುವುದು ಕೆರೆ ಕಟ್ಟಿಸಿದ ವಿಷಯ. ನಮ್ಮದು ಮಳೆ ಕಡಿಮೆ ಬೀಳುವ ಸೀಮೆ. ನೀರು ನಿಲ್ಲಿಸಿದರೆ ಮಾತ್ರ ಇಲ್ಲಿ ಬದುಕು ಎಂಬುದು ಆಗಲೇ ಗೊತ್ತಿತ್ತು.

ಅದೇ ಕೆಲಸವನ್ನು ದೊಡ್ಡದಾಗಿ ಮಾಡಿದ್ದು ಮೈಸೂರು ಸಂಸ್ಥಾನ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆ ಕಟ್ಟಿ, 1907ರಲ್ಲಿ ಕೆಲಸ ಮುಗಿಸಿತು. ರೀಜೆಂಟ್ ಆಗಿ ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದೇ 'ವಾಣಿ ವಿಲಾಸ'. ಜಲಾಶಯಕ್ಕೂ ಅದೇ ಹೆಸರು ಬಂತು. ಪೂರ್ಣ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ.

ನಾಲೆ ನೀರು ಬಂದ ಮೇಲೆ ಗದ್ದೆಗಳಲ್ಲಿ ಭತ್ತದ ಜೊತೆ ಕಬ್ಬೂ ಬಂತು. ಕಬ್ಬಿನ ಜೊತೆ ಆಲೆಮನೆ ಬಂತು. ಆಲೆಮನೆಯಲ್ಲಿ ರೈತನಿಗೆ ಒಂದು ಅನುಕೂಲ ಇತ್ತು. ಬೆಲ್ಲಕ್ಕೆ ಬೆಲೆ ಇಲ್ಲದಿದ್ದರೆ ಸ್ವಲ್ಪ ದಿನ ಇಟ್ಟುಕೊಂಡು ಮಾರಬಹುದಿತ್ತು. ರಾಗಿಯಂತೂ ಹಗೇವಿನಲ್ಲಿ ವರ್ಷಗಟ್ಟಲೆ ಇರುತ್ತದೆ. ಆದರೆ ಕಡಿದ ಕಬ್ಬು ಹಾಗಲ್ಲ. ಒಂದೆರಡು ದಿನದಲ್ಲೇ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಇಳಿಯುತ್ತದೆ. ಹಾಗಾಗಿ ಕಾರ್ಖಾನೆಗೆ ಕಬ್ಬು ಬೆಳೆಯುವವನಿಗೆ ಕಾಯುವ ಶಕ್ತಿ ಇಲ್ಲ. ಹತ್ತಿರದಲ್ಲಿ ಕಾರ್ಖಾನೆ ಇರಬೇಕು, ಅದು ಸರಿಯಾದ ಸಮಯಕ್ಕೆ ಅರೆಯಬೇಕು.

1933ರಲ್ಲಿ ಮಾರಿಕಣಿವೆ ಮೊದಲ ಬಾರಿಗೆ ಕೋಡಿ ಬಿತ್ತು. ಅದೇ ವರ್ಷ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಹೊರದೇಶದ ಸಕ್ಕರೆಯ ಪೈಪೋಟಿಯಿಂದ ದೇಶದ ಕಾರ್ಖಾನೆಗಳನ್ನು ಕಾಪಾಡಲು ಸರ್ಕಾರ 1932ರಲ್ಲಿ ಕಾನೂನು ತಂದಿತ್ತು. ಮಂಡ್ಯಕ್ಕೆ ಕನ್ನಂಬಾಡಿಯ ನೀರೂ ಕಾರ್ಖಾನೆಯೂ ಹೆಚ್ಚುಕಡಿಮೆ ಒಟ್ಟಿಗೆ ಸಿಕ್ಕವು. ಹಿರಿಯೂರಿಗೆ ನೀರು ಮೊದಲು ಸಿಕ್ಕಿತು, ಕಾರ್ಖಾನೆ ತಡವಾಗಿ ಬಂತು. ವಾಣಿ ವಿಲಾಸ ಸಹಕಾರ ಸಕ್ಕರೆ ಕಾರ್ಖಾನೆ ಶುರುವಾಗಿದ್ದು ಸ್ವಾತಂತ್ರ್ಯ ಬಂದು ಎಷ್ಟೋ ವರ್ಷಗಳಾದ ಮೇಲೆ.

ಅಷ್ಟರಲ್ಲಿ ಕಟ್ಟೆ ತುಂಬುವುದು ನಿಂತಿತ್ತು. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಕ್ಕೆ. ಕಬ್ಬು ವರ್ಷವಿಡೀ ನೀರು ಕೇಳುವ ಬೆಳೆ. ನೀರು ಇಲ್ಲದಿದ್ದರೆ ಕಬ್ಬಿಲ್ಲ, ಕಬ್ಬಿಲ್ಲದೆ ಕಾರ್ಖಾನೆ ನಡೆಯುವುದಿಲ್ಲ, ಕಾರ್ಖಾನೆ ನಿಂತರೆ ನೀರಿದ್ದವನೂ ಕಬ್ಬು ಹಾಕುವುದಿಲ್ಲ. ಕೊನೆಗೆ ಕಾರ್ಖಾನೆ ಬಾಗಿಲು ಹಾಕಿತು. ರೈತರು ತೆಂಗು, ಅಡಿಕೆ ಕಡೆ ತಿರುಗಿದರು. ಬರದ ವರ್ಷಗಳಲ್ಲಿ ಆ ತೋಟಗಳೂ ಒಣಗಿದ್ದನ್ನು ನಾವೇ ನೋಡಿದ್ದೇವೆ.

ಈಗ ಭದ್ರಾ ಮೇಲ್ದಂಡೆಯ ನೀರೂ ಬಂದು ಸೇರುತ್ತಿದೆ. 2025ರ ಜನವರಿಯಲ್ಲಿ ಕಟ್ಟೆ ಇನ್ನೊಮ್ಮೆ ಕೋಡಿ ಬಿತ್ತು. ಕಾರ್ಖಾನೆ ಮತ್ತೆ ತೆರೆಯಲಿ ಎಂಬ ಮಾತೂ ಇದೆ. ಕೇಂದ್ರ ಸರ್ಕಾರ 2025-26ಕ್ಕೆ ನಿಗದಿ ಮಾಡಿದ ಎಫ್‌ಆರ್‌ಪಿ, ಶೇ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಎಕರೆಗೆ 40 ಟನ್ ಬಂತು ಎಂದಿಟ್ಟುಕೊಂಡರೆ 1,42,000 ರೂಪಾಯಿ. ಕೇಳಲು ಚೆನ್ನಾಗಿದೆ. ಆದರೆ ಅದು ಕಾರ್ಖಾನೆ ಬಾಗಿಲಿನ ದರ. ಕಟಾವು, ಸಾಗಣೆ ಖರ್ಚು ಅದರಲ್ಲೇ ಹೋಗಬೇಕು. ಕಾರ್ಖಾನೆ ದೂರವಾದಷ್ಟೂ ಕೈಗೆ ಸಿಗುವುದು ಕಡಿಮೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಾಗಿದ್ದೂ ಬಾಕಿ ಹಣಕ್ಕಾಗಿ ರೈತರು ಬೀದಿಗಿಳಿಯುವುದು ನಿಂತಿಲ್ಲ.

ಕಟ್ಟೆ ತುಂಬಿದ ಸಂತೋಷ ಎಲ್ಲರಿಗೂ ಇದೆ. ಆದರೆ ಆ ನೀರಲ್ಲೇ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಕುಡಿಯುವ ಪಾಲೂ ಇದೆ. ಎರಡು ವರ್ಷ ಮಳೆ ಕೈಕೊಟ್ಟರೆ ಮೊದಲು ನಿಲ್ಲುವುದು ನಾಲೆ. ಸಾಲ ಮಾಡಿ ಕಬ್ಬು ಹಾಕುವ ಮುಂಚೆ, ಆ ಕಾರ್ಖಾನೆಗೆ ಗಾಡಿ ಹೊಡೆದ ಹಿರಿಯರು ನಿಮ್ಮೂರಲ್ಲಿದ್ದರೆ ಒಮ್ಮೆ ಕೂತು ಕೇಳಿ. ಆ ಲೆಕ್ಕ ಅವರಿಗೆ ಬಾಯಿಪಾಠ.