ಸುಲ್ತಾನ್ ಎಂದರೆ ಯಾರು?

ಬೆಳಗೋಡಿನ ಮದ್ರಸದ ಮಕ್ಕಳನ್ನು ಮಂಜರಾಬಾದ್ ಕೋಟೆಗೆ ಕರೆದೊಯ್ದಿದ್ದೆವು. ದೋಣಿಗಾಲ್ ಬಳಿ ಮೆಟ್ಟಿಲು ಹತ್ತಿ ಹೋದರೆ ಎಂಟು ಮೂಲೆಗಳ ನಕ್ಷತ್ರದಂತಹ ಕೋಟೆ. ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ್ದು. ಇಳಿಯುವಾಗ ಒಬ್ಬ ಹುಡುಗ ಕೇಳಿದ: “ಉಸ್ತಾದ್, ಸುಲ್ತಾನ್ ಅಂದರೆ ರಾಜ ಅಲ್ವಾ? ಮತ್ತೆ ಹೈದರಾಲಿಗೆ ಯಾಕೆ ಸುಲ್ತಾನ್ ಅನ್ನಲ್ಲ?” ಒಳ್ಳೆಯ ಪ್ರಶ್ನೆ. ಜುಮಾ ಖುತ್ಬಾದಲ್ಲಿ ಅದನ್ನೇ ಎತ್ತಿಕೊಂಡೆವು.

ಹೈದರಾಲಿ ಆಳಿದರೂ ಮೈಸೂರಿನ ಒಡೆಯರನ್ನು ಹೆಸರಿಗಾದರೂ ಸಿಂಹಾಸನದಲ್ಲಿ ಉಳಿಸಿಕೊಂಡರು. ಜನ ಅವರನ್ನು ನವಾಬರೆಂದರು. ಮಗನಿಗೆ ಅರ್ಕಾಟಿನ ಸೂಫಿ ಟಿಪ್ಪು ಮಸ್ತಾನರ ಹೆಸರಿಟ್ಟಾಗ ‘ಸುಲ್ತಾನ್’ ಹೆಸರಿನ ಭಾಗವಾಗಿಯೇ ಬಂತು. 1782ರಲ್ಲಿ ಪಟ್ಟದ ಜೊತೆ ಸಿಕ್ಕ ಬಿರುದು ಅದಲ್ಲ. ಇದು ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ.

ಪವಿತ್ರ ಕುರ್‌ಆನಿನಲ್ಲಿ ಈ ಪದ ಮೂವತ್ತಕ್ಕೂ ಹೆಚ್ಚು ಕಡೆ ಬರುತ್ತದೆ. ಒಂದು ಕಡೆಯೂ ಅದು ರಾಜನನ್ನು ಸೂಚಿಸುವುದಿಲ್ಲ. ರಾಜನಿಗೆ ಅಲ್ಲಿರುವ ಪದ ‘ಮಲಿಕ್’. ಸುಲ್ತಾನ್ ಎಂದರೆ ಪುರಾವೆ, ಅಥವಾ ಹಕ್ಕುಳ್ಳ ಅಧಿಕಾರ. ಸೂರಃ ಅನ್ನಮ್ಲ್ ನೋಡಿರಿ. ಪ್ರವಾದಿ ಸುಲೈಮಾನ್(ಅ) ಸ್ವತಃ ದೊಡ್ಡ ದೊರೆ. ಸಭೆಗೆ ಬಾರದ ಹುದ್‌ಹುದ್ ಹಕ್ಕಿ ಸ್ಪಷ್ಟವಾದ ‘ಸುಲ್ತಾನ್’ ತರದಿದ್ದರೆ ಶಿಕ್ಷಿಸುವೆನೆಂದರು. ಅಂದರೆ ತಕ್ಕ ಕಾರಣ, ಸಾಕ್ಷಿ. ಸೂರಃ ಇಬ್ರಾಹೀಮಿನಲ್ಲಿ ಶೈತಾನನು, ತನಗೆ ಮನುಷ್ಯರ ಮೇಲೆ ಯಾವ ಸುಲ್ತಾನ್ ಕೂಡ ಇರಲಿಲ್ಲ, ಕರೆದದ್ದಷ್ಟೇ ತನ್ನ ಕೆಲಸ ಎಂದು ಕೈತೊಳೆದುಕೊಳ್ಳುತ್ತಾನೆ.

ಪದ ಮನುಷ್ಯನಿಗೆ ಅಂಟಿದ್ದು ಆಮೇಲೆ. 11ನೇ ಶತಮಾನದಲ್ಲಿ ಬಗ್ದಾದಿನ ಖಲೀಫರು ಸೆಲ್ಜೂಕ್ ದೊರೆ ತುಗ್ರಿಲ್‌ಗೆ ಅದನ್ನು ಬಿರುದಾಗಿ ಕೊಟ್ಟರು. 1229ರಲ್ಲಿ ದೆಹಲಿಯ ಇಲ್ತುಮಿಶ್‌ಗೂ ಬಗ್ದಾದಿನಿಂದ ಮನ್ನಣೆ ಬಂತು. ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯವಾದೀತು. 14ನೇ ಶತಮಾನದಲ್ಲಿ ವಿಜಯನಗರದ ಅರಸರು ಶಾಸನಗಳಲ್ಲಿ ತಮ್ಮನ್ನು ‘ಹಿಂದೂರಾಯ ಸುರತ್ರಾಣ’ ಎಂದು ಕರೆದುಕೊಂಡರು. ಸುರತ್ರಾಣ ನಮ್ಮ ಸುಲ್ತಾನನೇ, ಸಂಸ್ಕೃತದ ಉಡುಪು ತೊಟ್ಟು ‘ದೇವತೆಗಳ ರಕ್ಷಕ’ ಎಂಬ ಅರ್ಥವನ್ನೂ ಹೊತ್ತುಕೊಂಡ. ಈ ಪದ ಒಂದೇ ಧರ್ಮದ ಸ್ವತ್ತೆಂದು ಜಗಳಕ್ಕೆ ನಿಲ್ಲುವ ಎರಡೂ ಕಡೆಯವರು ಆ ಶಾಸನಗಳನ್ನು ಓದಬೇಕು.

ಟಿಪ್ಪುರವರ ಬೆಳ್ಳಿ ನಾಣ್ಯದಲ್ಲಿ ‘ಹುವಸ್ಸುಲ್ತಾನುಲ್ ವಾಹಿದುಲ್ ಆದಿಲ್’ ಎಂದಿದೆ: ಅವನೇ ಸುಲ್ತಾನ್, ಏಕೈಕನು, ನ್ಯಾಯವಂತನು. ‘ಅವನು’ ಯಾರು? ದೊರೆ ಎಂದೂ ಓದಬಹುದು, ಅಲ್ಲಾಹನೆಂದೂ ಓದಬಹುದು. ತಮ್ಮ ಸರ್ಕಾರವನ್ನು ‘ಖುದಾದಾದ್’, ದೇವದತ್ತ ಎಂದು ಕರೆದವರ ನಾಣ್ಯವದು. ನಮಗೆ ಎರಡನೆಯ ಓದೇ ಸರಿಯೆನಿಸುತ್ತದೆ.

ವಲಿ ಇಲ್ಲದ ಹೆಣ್ಣಿಗೆ ಸುಲ್ತಾನನೇ ವಲಿ ಎಂದು ಪ್ರವಾದಿ(ಸ) ತಿಳಿಸಿದ್ದು ಅಬೂದಾವೂದ್, ತಿರ್ಮಿದಿಗಳಲ್ಲಿದೆ. ತಂದೆ, ಅಜ್ಜ, ಅಣ್ಣ, ಚಿಕ್ಕಪ್ಪ ಯಾರೂ ಇಲ್ಲದ ಹುಡುಗಿಯ ನಿಕಾಹ್‌ನಲ್ಲಿ ಇಂದು ಆ ಸ್ಥಾನದಲ್ಲಿ ಖಾಝಿ ಕೂರುತ್ತಾರೆ. ತೋಟದ ಲೈನ್ ಮನೆಗಳಲ್ಲಿ ಅಂಥ ಹುಡುಗಿಯರಿದ್ದಾರೆ. ವರನ ಊರು, ದುಡಿಮೆ, ಮೊದಲ ಮದುವೆ ಯಾವುದನ್ನೂ ವಿಚಾರಿಸದೆ ದಫ್ತರಿಗೆ ಸಹಿ ಹಾಕಿಸಿಕೊಳ್ಳುವ ಅವಸರವನ್ನು ನಾವು ಕಂಡಿದ್ದೇವೆ. ನಾವೂ ಒಮ್ಮೆ ಆ ಅವಸರಕ್ಕೆ ಒಪ್ಪಿದ್ದೇವೆ. ಇನ್ನು ಮುಂದೆ ವರನ ಊರಿಗೇ ಹೋಗಿ ವಿಚಾರಿಸಿ ಬರಲು ಜಮಾಅತಿನ ಇಬ್ಬರು ಹಿರಿಯರು ಬೇಕೆಂದು ನಮಾಝಿನ ನಂತರ ಕೇಳಿದೆವು. ಮೂವರು ಎದ್ದು ನಿಂತರು.