ಫಾರ್ಮ್‌ವಿಲ್‌ನ ಹೈಸ್ಕೂಲು: ಮುಷ್ಕರ ಮತ್ತು ಬೀಗ

ಶಾಲೆಗಳಲ್ಲಿ ವರ್ಣಭೇದ ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ಬ್ರೌನ್ ತೀರ್ಪು ಲೋಕಪ್ರಸಿದ್ಧ. ಅದರಲ್ಲಿ ನಾಲ್ಕು ರಾಜ್ಯಗಳ ಮೊಕದ್ದಮೆಗಳು ಸೇರಿದ್ದವು. ಅವುಗಳಲ್ಲಿ ವಿದ್ಯಾರ್ಥಿಗಳ ಮುಷ್ಕರದಿಂದಲೇ ಹುಟ್ಟಿದ್ದು ಒಂದೇ ಒಂದು. ಅದು ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಪುಟ್ಟ ಊರು ಫಾರ್ಮ್‌ವಿಲ್‌ನ ಸರ್ಕಾರಿ ಶಾಲೆಯದು.

ಕಪ್ಪು ಜನಾಂಗದ ಮಕ್ಕಳಿಗಾಗಿ 1939ರಲ್ಲಿ ಕಟ್ಟಿದ ಆ ಶಾಲೆಗೆ ರಾಬರ್ಟ್ ರಸ್ಸಾ ಮೋಟನ್ ಅವರ ಹೆಸರಿಟ್ಟಿದ್ದರು. ಬುಕರ್ ಟಿ. ವಾಷಿಂಗ್ಟನ್ ನಂತರ ಕಪ್ಪು ಜನಾಂಗದವರ ಶಿಕ್ಷಣಕ್ಕೆ ಮೀಸಲಾದ ಟಸ್ಕೆಗೀ ಸಂಸ್ಥೆಯನ್ನು ನಡೆಸಿದವರು ಇವರೇ. ಬಿಳಿಯರೊಡನೆ ಜಗಳಕ್ಕಿಳಿಯದೆ, ತಾಳ್ಮೆಯಿಂದ ದುಡಿದು ಮೇಲೇರಬೇಕೆಂಬುದು ಟಸ್ಕೆಗೀಯವರ ದಾರಿ. ಅಂಥವರ ಹೆಸರಿನ ಶಾಲೆಯಲ್ಲೇ ಮಕ್ಕಳ ತಾಳ್ಮೆ ಕಟ್ಟೆಯೊಡೆದದ್ದು ಇತಿಹಾಸದ ಕುಚೋದ್ಯ.

ಕಟ್ಟಡದ ಅಳತೆ 180 ಮಕ್ಕಳಿಗೆ. 1951ರ ಹೊತ್ತಿಗೆ ಓದುತ್ತಿದ್ದವರು 450ಕ್ಕೂ ಹೆಚ್ಚು. ಊಟದ ಕೋಣೆಯಿಲ್ಲ, ವ್ಯಾಯಾಮಶಾಲೆಯಿಲ್ಲ, ವಿಜ್ಞಾನದ ಪ್ರಯೋಗಾಲಯವೂ ಇಲ್ಲ. ಹೊಸ ಕಟ್ಟಡ ಕೇಳಿದರೆ ಕೌಂಟಿಯ ಶಾಲಾ ಮಂಡಳಿ ಅಂಗಳದಲ್ಲಿ ಡಾಂಬರು ಕಾಗದ ಹೊದಿಸಿದ ಮರದ ಶೆಡ್ಡುಗಳನ್ನು ಎಬ್ಬಿಸಿತು. ಮಳೆ ಬಂದರೆ ಅವು ಸೋರುತ್ತಿದ್ದವು. ಚಳಿಗಾಲದಲ್ಲಿ ಒಲೆಯ ಬಳಿ ಕೂತವರು ಬೇಯುತ್ತಿದ್ದರು, ದೂರ ಕೂತವರು ಕೋಟು ತೊಟ್ಟೇ ಪಾಠ ಕೇಳುತ್ತಿದ್ದರು. ಅದೇ ಊರಿನ ಬಿಳಿಯ ಮಕ್ಕಳ ಹೈಸ್ಕೂಲಿನಲ್ಲಿ ಇವರಿಗಿಲ್ಲದ್ದೆಲ್ಲ ಇತ್ತು.

1951ರ ಏಪ್ರಿಲ್ 23ರಂದು ಮುಖ್ಯೋಪಾಧ್ಯಾಯ ಬಾಯ್ಡ್ ಜೋನ್ಸ್ ಅವರಿಗೆ ಫೋನ್ ಬಂತು: ನಿಮ್ಮ ಹುಡುಗರು ಪೇಟೆಯಲ್ಲಿ ತಾಪತ್ರಯಕ್ಕೆ ಸಿಕ್ಕಿದ್ದಾರೆ ಎಂದು. ಅವರು ಓಡಿದರು. ಕರೆ ಸುಳ್ಳು. ಅಷ್ಟರಲ್ಲಿ ಅವರದೇ ಹೆಸರಿನ ಚೀಟಿಗಳು ತರಗತಿಗಳಿಗೆ ಹೋಗಿ, ಎಲ್ಲರೂ ಸಭಾಂಗಣದಲ್ಲಿ ಸೇರಿದರು. ಪರದೆ ಸರಿದಾಗ ವೇದಿಕೆಯ ಮೇಲಿದ್ದವಳು ಹದಿನಾರರ ಹುಡುಗಿ ಬಾರ್ಬರಾ ಜಾನ್ಸ್. ಶಿಕ್ಷಕರನ್ನು ಹೊರಗೆ ಹೋಗುವಂತೆ ಕೇಳಿಕೊಂಡು, ಹೊಸ ಶಾಲೆ ಸಿಗುವವರೆಗೆ ತರಗತಿ ಬಹಿಷ್ಕರಿಸೋಣವೆಂದು ಕರೆಕೊಟ್ಟಳು. ಮುಷ್ಕರ ಎರಡು ವಾರ ನಡೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಕ್ಕಳು ಮೊದಲು ಕೇಳಿದ್ದು ಒಳ್ಳೆಯ ಕಟ್ಟಡವನ್ನು, ಬಿಳಿಯರ ಜೊತೆ ಬೆಂಚನ್ನಲ್ಲ. ರಿಚ್ಮಂಡ್‌ನಿಂದ ಬಂದ ವಕೀಲರಾದ ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್, ಪ್ರತ್ಯೇಕ ಶಾಲಾ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಮಾತ್ರ ವಕಾಲತ್ತು ವಹಿಸುತ್ತೇವೆಂದರು. ಮಕ್ಕಳೂ ಹೆತ್ತವರೂ ಒಪ್ಪಿದರು. ಮೇ 23ರಂದು ದಾಖಲಾದ ದಾವೆಯಲ್ಲಿ ಮೊದಲು ನಮೂದಾದ ಹೆಸರು ಡೊರೊತಿ ಡೇವಿಸ್ ಎಂಬ ವಿದ್ಯಾರ್ಥಿನಿಯದು. ಜೋನ್ಸ್ ಕೆಲಸ ಕಳೆದುಕೊಂಡರು. ಬಾರ್ಬರಾಳನ್ನು ಸುರಕ್ಷಿತವಾಗಿರಲೆಂದು ಮಾಂಟ್ಗಾಮೆರಿಯಲ್ಲಿದ್ದ ತಂದೆಯ ಸಹೋದರ, ಪಾದ್ರಿ ವೆರ್ನನ್ ಜಾನ್ಸ್ ಮನೆಗೆ ಕಳುಹಿಸಿದರು. ಮುಂದೆ ಆ ಪಾದ್ರಿಯ ಚರ್ಚಿಗೆ ಬಂದವರೇ ಮಾರ್ಟಿನ್ ಲೂಥರ್ ಕಿಂಗ್. ಇತ್ತ 1953ರಲ್ಲಿ ಹೊಸ ಮೋಟನ್ ಹೈಸ್ಕೂಲು ಎದ್ದು ನಿಂತಿತು, ಅದೂ ಕಪ್ಪು ಮಕ್ಕಳಿಗಷ್ಟೇ.

ಕಥೆ ಹೇಳುವವರು ಸಾಮಾನ್ಯವಾಗಿ 1954ರ ವಿಜಯಕ್ಕೆ ನಿಲ್ಲಿಸುತ್ತಾರೆ. ಫಾರ್ಮ್‌ವಿಲ್‌ನ ಮಟ್ಟಿಗೆ ಅದು ಅರ್ಧ ದಾರಿಯೂ ಅಲ್ಲ. ಎರಡೂ ಜನಾಂಗದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಎಂದು 1959ರಲ್ಲಿ ನ್ಯಾಯಾಲಯ ಗಡುವು ವಿಧಿಸಿದಾಗ ಕೌಂಟಿಯ ಆಡಳಿತ ಮಂಡಳಿ ಶಾಲೆಗಳಿಗೆ ಬಿಡಿಗಾಸನ್ನೂ ಬಿಡುಗಡೆ ಮಾಡಲಿಲ್ಲ. ಕೌಂಟಿಯ ಸರ್ಕಾರಿ ಶಾಲೆಗಳಿಗೆಲ್ಲ ಬೀಗ ಬಿತ್ತು. ಬಿಳಿಯರು ಪ್ರಿನ್ಸ್ ಎಡ್ವರ್ಡ್ ಅಕಾಡೆಮಿ ಎಂಬ ಖಾಸಗಿ ಶಾಲೆ ತೆರೆದರು. ಅದಕ್ಕೆ ಸರ್ಕಾರದ ಸಹಾಯಧನವೂ ಹರಿಯಿತು. ಕಪ್ಪು ಮಕ್ಕಳಲ್ಲಿ ಕೆಲವರು ಬೇರೆ ಕೌಂಟಿಯ ನೆಂಟರ ಮನೆ ಸೇರಿದರು, ಕೆಲವರನ್ನು ಕ್ವೇಕರ್ ಪಂಥದವರು ಪರರಾಜ್ಯಗಳ ಕುಟುಂಬಗಳಲ್ಲಿ ಇರಿಸಿ ಓದಿಸಿದರು, ಹಲವರು ಹೊಲದ ಕೆಲಸಕ್ಕೆ ಹೋದರು. ಅಕಾಡೆಮಿಯ ಶುಲ್ಕ ಕಟ್ಟಲಾಗದ ಬಡ ಬಿಳಿಯರ ಮಕ್ಕಳೂ ಓದು ಬಿಟ್ಟರು. 1963ರಲ್ಲಿ ಕೆನಡಿ ಸರ್ಕಾರದ ಬೆಂಬಲದಿಂದ ಉಚಿತ ಶಾಲೆಗಳು ತೆರೆದವು. ಮರುವರ್ಷ, ಶಾಲೆ ಮುಚ್ಚಿದ್ದನ್ನು ತಪ್ಪೆಂದ ಸುಪ್ರೀಂ ಕೋರ್ಟಿನ ಗ್ರಿಫಿನ್ ತೀರ್ಪು ಬಂದ ಮೇಲಷ್ಟೇ ಕೌಂಟಿ ತನ್ನ ಶಾಲೆಗಳನ್ನು ತೆರೆದದ್ದು.

ಒಂದು ಶಾಲೆಯ ಇತಿಹಾಸವನ್ನು ದಾಖಲಾತಿ ಪುಸ್ತಕದಿಂದ ಬರೆಯುವುದು ರೂಢಿ. ಇಲ್ಲಿ ಆ ಪುಸ್ತಕವೇ ಇಲ್ಲದ ಐದು ವರ್ಷಗಳು ಹೆಚ್ಚು ಮಾತಾಡುತ್ತವೆ. ಮುಷ್ಕರಕ್ಕೆ ನಾಯಕಿಯಿದ್ದಳು, ದಿನಾಂಕವಿತ್ತು. ಬೀಗಕ್ಕೆ ಸ್ಮಾರಕ ಕಟ್ಟುವುದು ಕಷ್ಟ. ಹಾಗಾಗಿಯೇ ಅದು ಬಹುಕಾಲ ಅಡಿಟಿಪ್ಪಣಿಯಾಗಿ ಉಳಿಯಿತು.

ಹಳೆಯ ಕಟ್ಟಡ 1998ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಗಿ, ಈಗ ವಸ್ತುಸಂಗ್ರಹಾಲಯವಾಗಿದೆ. ಬಾರ್ಬರಾ ಗ್ರಂಥಪಾಲಕಿಯಾಗಿ ದುಡಿದು 1991ರಲ್ಲಿ ತೀರಿಕೊಂಡರು. ಬೀಗದ ಕಾಲದಲ್ಲಿ ಓದು ತಪ್ಪಿದವರಿಗೆ ಕೌಂಟಿ 2003ರಲ್ಲಿ ಗೌರವ ಪ್ರಮಾಣಪತ್ರ ನೀಡಿತು. ಅವರ ಮುಂದಿನ ಓದಿಗೆಂದು ವರ್ಜೀನಿಯಾ ಶಾಸನಸಭೆ ವಿದ್ಯಾರ್ಥಿವೇತನ ಮಂಜೂರು ಮಾಡಿದ್ದು 2004ರಲ್ಲಿ, ಶಾಲೆಗಳು ಮತ್ತೆ ತೆರೆದು ನಲವತ್ತು ವರ್ಷ ಕಳೆದ ಮೇಲೆ.